ಲೀಲಮ್ಮ ಕಂಡ ಸದ್ದಿಲ್ಲದ ಹೊಡೆದಾಟ

ಕೊಯಮತ್ತೂರಿನ ಹತ್ತಿರದ ಸೋಮನೂರಿನ ಮಗ್ಗದ ಶೆಡ್ಡುಗಳಲ್ಲಿ ಯಾರೂ ಕಿವಿಯಿಂದ ಕೇಳುವುದಿಲ್ಲ. ಎಂಟು ಪವರ್‌ಲೂಮು ಒಂದೇ ತಗಡಿನ ಸೂರಿನಡಿ ಬಡಿಯುತ್ತಿರುವಾಗ ಪಕ್ಕದವನ ಕಿವಿಗೆ ಬಾಯಿಟ್ಟು ಕಿರುಚಿದರೂ ಬಿಸಿ ಗಾಳಿ ಊದಿದಷ್ಟೇ ಲಾಭ. ಅಲ್ಲಿನವರು ಕಣ್ಣಿನಿಂದ ಕೇಳುತ್ತಾರೆ. ತುಟಿ ಅಲ್ಲಾಡಿದರೆ ಸಾಕು, ನಾಲ್ಕು ಮಗ್ಗದಾಚೆಯಿಂದಲೇ ಮಾತು ಹಿಡಿದುಬಿಡುತ್ತಾರೆ: ನೂಲು ಕಡಿದಿದೆ, ಟೀ ಬಂತು, ಮಾಲೀಕ ಬಂದ, ಇಂಥವನ ಹೆಂಡತಿ ತವರಿಗೆ ಹೋದಳಂತೆ. ಹತ್ತು ವರ್ಷ ಶೆಡ್ಡಿನಲ್ಲಿ ದುಡಿದವರ ಎದುರು ಗುಟ್ಟು ಹೇಳುವುದಿದ್ದರೆ ಬಾಯಿಗೆ ಸೆರಗು ಅಡ್ಡ ಹಿಡಿಯಬೇಕು.

ಲೀಲಮ್ಮ ದುಡಿದದ್ದು ಹತ್ತಲ್ಲ, ಮೂವತ್ತೊಂಬತ್ತು ವರ್ಷ. ಒಂಬತ್ತನೆಯ ವಯಸ್ಸಿಗೆ ಕಂಡಿಕೆ ಸುತ್ತಲು ಕೂತವಳು. ಲಾಳಿಯ ಹೊಟ್ಟೆಯೊಳಗೆ ಕೂರುವ ನೂಲಿನ ಕಡ್ಡಿಯೇ ಕಂಡಿಕೆ. ಅವಳ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ ಉಳಿದಿತ್ತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಎರಡೂ ಭಾಷೆಯಲ್ಲಿ ಬೈಗುಳ. ಮದುವೆಯಾದ ನಾಲ್ಕನೇ ವರ್ಷಕ್ಕೆ ಗಂಡ ಸತ್ತ. ಅವ್ವ ಅದಕ್ಕೂ ಮುಂಚೆ ಹೋಗಿದ್ದಳು. ಉಳಿದವನು ಹದಿನೈದು ವರ್ಷ ಚಿಕ್ಕವನಾದ ತಮ್ಮ ಲಿಂಗಸಾಮಿ. ಅವನನ್ನು ಸೊಂಟದ ಮೇಲೆ ಹೊತ್ತೇ ಕಂಡಿಕೆ ಸುತ್ತಿದಳು, ಬೆಳೆಸಿದಳು, ಸಾಂತಿ ಎಂಬ ಹುಡುಗಿಯನ್ನು ತಂದು ಮದುವೆ ಮಾಡಿದಳು. ಒಂದೇ ಮನೆ, ಒಂದೇ ಒಲೆ.

ಭಾನುವಾರ ಮಗ್ಗಗಳಿಗೆ ರಜ. ಅವತ್ತು ಬೆಳಿಗ್ಗೆ ಲೀಲಮ್ಮ ಒಲೆಯ ಮೇಲೆ ಕುರಿಯ ತಲೆ ಬೇಯಲು ಇಟ್ಟು, ಟಿವಿಗೆ ವಿಸಿಡಿ ಹಾಕಿದಳೆಂದರೆ ಬೀದಿಗೆಲ್ಲ ಕೇಳುತ್ತಿತ್ತು. ಬೇರೆ ಹೆಂಗಸರು ಸೀರಿಯಲ್ಲು ನೋಡಿ ಮೂಗು ಒರೆಸಿಕೊಂಡರೆ ಇವಳು ನೋಡುತ್ತಿದ್ದದ್ದು ಕುಂಗ್‌ಫು. ಅದರಲ್ಲೂ ದೊಡ್ಡ ಕಂಪನಿಯವರ ನುಣುಪಾದ ಪಿಕ್ಚರು ಅವಳಿಗೆ ಆಗಿಬರುತ್ತಿರಲಿಲ್ಲ. ಪ್ಲಾಟ್‌ಫಾರ್ಮಿನ ಮೇಲೆ ಗುಡ್ಡೆ ಹಾಕಿ ಮಾರುವ ಡಿಸ್ಕುಗಳೇ ಬೇಕು. ಯಾರೋ ಚೀನಾದವರು ಒಂದೇ ಗುಡ್ಡದ ಮೇಲೆ ನಾಲ್ಕು ದಿನದಲ್ಲಿ ತೆಗೆದದ್ದು, ರಕ್ತ ಕುಂಕುಮದ ನೀರಿನ ಹಾಗಿರುವುದು, ಕಿತ್ತ ಕೈ ಮೇಣದ್ದು ಎಂದು ಕುರುಡನಿಗೂ ತಿಳಿಯುವಂಥದ್ದು, ಮೇಲೆ ಯಾವನೋ ಮೂಗಿನಲ್ಲಿ ತಮಿಳು ಮಾತಾಡಿದ್ದು.

"ಏನಕ್ಕಾ ಇದು, ಪೊಂಬಳೈ ನೋಡೋ ಪಡಮಾ?" ಎಂದು, ಹೆಂಗಸು ನೋಡುವ ಪಿಕ್ಚರೇ ಇದು ಎಂಬಂತೆ, ಸಾಂತಿ ಮೂಗು ಮುರಿದರೆ ಲೀಲಮ್ಮ ಉತ್ತರ ಕೊಡುತ್ತಿದ್ದಳು: "ಅಳೋದ್ ನೋಡೋಕೆ ಟಿವಿ ಯಾಕ್‌ಡೀ? ಕನ್ನಡಿ ಸಾಕಲ್ಲ."

ಅವಳ ಮೋಹಕ್ಕೆ ಕಾರಣವಿತ್ತು. ಕೂಲಿ ಏರಿಸಿ ಎಂದು ಸಂಘದವರ ಜೊತೆ ಹದಿನೇಳು ದಿನ ಸರ್ಕಾರಿ ಕಚೇರಿಯ ಎದುರು ಬಿಸಿಲಲ್ಲಿ ಕೂತವಳು ಅವಳು. ಘೋಷಣೆ ಕೂಗುವುದಕ್ಕೆ ಅವಳನ್ನೇ ಮುಂದೆ ಬಿಡುತ್ತಿದ್ದರು. ಕಿವುಡಿ, ತನ್ನ ದನಿ ಎಷ್ಟು ದೊಡ್ಡದೆಂದು ತನಗೇ ತಿಳಿಯದವಳು. ಹದಿನೆಂಟನೇ ದಿನ ಒಪ್ಪಂದವಾಯಿತು. ಮೂರು ತಿಂಗಳಿಗೆ ಕೂಲಿ ಕೊಡುವ ವ್ಯಾಪಾರಿಗಳು ಮಾತು ತಪ್ಪಿದರು. ಮಾತು ತಪ್ಪಿದವರನ್ನು ಮತ್ತೆ ಕರೆಸಿ, ಕುರ್ಚಿ ಹಾಕಿ, ಟೀ ಕೊಟ್ಟು ಮಾತಾಡಿಸಿದರು. ಪಿಕ್ಚರಿನಲ್ಲಿ ಹಾಗಲ್ಲ. ಗುರುವನ್ನು ಕೊಂದವನಿಗೆ ಶಿಷ್ಯ ಟೀ ಕೊಡುವುದಿಲ್ಲ. ಮೂರು ವರ್ಷ ನೀರು ಹೊತ್ತು, ಮರಕ್ಕೆ ಗುದ್ದಿ ಕೈ ಕಲ್ಲು ಮಾಡಿಕೊಂಡು ಬಂದು ಕತ್ತು ತಿರುಚುತ್ತಾನೆ. ಒಂದೂವರೆ ಗಂಟೆಯಲ್ಲಿ ಲೆಕ್ಕ ಚುಕ್ತಾ. ವಾರಕ್ಕೆ ಆರು ದಿನ ಹನ್ನೆರಡು ಗಂಟೆ ಮಗ್ಗದ ಏಟು ಕೇಳುವವರಿಗೆ ಭಾನುವಾರ ಯಾರೋ ಒಬ್ಬ ತಿರುಗಿ ಏಟು ಹಾಕುವುದನ್ನು ನೋಡಬೇಕು ಅನ್ನಿಸುತ್ತದೆ. ಅಷ್ಟೇ ವಿಷಯ.

ಲಿಂಗಸಾಮಿಗೂ ಅದೇ ಹುಚ್ಚು. ಅಕ್ಕನ ಪಕ್ಕ ಕೂತು ನೋಡಿ ನೋಡಿ ಬೆಳೆದವನು. ಮದುವೆಯಾದ ಮೇಲೂ ಹಿತ್ತಲಲ್ಲಿ ತೊಲೆಗೆ ಒದೆಯುತ್ತಿದ್ದ. ಲೀಲಮ್ಮ ನಗುತ್ತಿದ್ದಳು: "ಚೀನಾದವ್ನು ಹೊಟ್ಟೆಗೆ ಈಟಿ ಹಾಕಿಸ್ಕೊಂಡು ನಿಂತಿರ್ತಾನೆ. ನಮ್ಮೂರಲ್ಲಿ ಅಂಥಾ ಒಂದು ಏಟು ತಿನ್ನೋ ಗಂಡ್ಸು ಯಾರಿದ್ದಾನ್‌ಡಾ? ಲಾಡು ತಿನ್ನೋರೇ ಎಲ್ಲ."

ಒಂದು ಆಷಾಢದ ಭಾನುವಾರ ಸಂಜೆ ಲಿಂಗಸಾಮಿ ಬಲಗಣ್ಣಿಗೆ ಟವೆಲ್ ಒತ್ತಿಕೊಂಡು ಮನೆಗೆ ಬಂದ. ಟವೆಲ್ ತುಂಬ ರಕ್ತ. ನಾಲ್ಕನೇ ನಂಬರಿನ ಮಗ್ಗದಲ್ಲಿ ಹಾಸಿನ ನೂಲು ಸ್ವಲ್ಪ ಉಳಿದಿತ್ತು, ಮುಗಿಸೋಣ ಎಂದು ಒಬ್ಬನೇ ಹೋಗಿ ಓಡಿಸಿದೆ, ಲಾಳಿ ಹಾರಿ ಹೊಡೆಯಿತು ಎಂದ. ಶೆಡ್ಡಿನ ಮಾಲೀಕ ಅಯ್ಯಾಸಾಮಿ ಅವತ್ತು ಮದುವೆಗೆ ಹೋಗಿದ್ದ, ಬೀಗದ ಕೈ ಲಿಂಗಸಾಮಿಯ ಹತ್ತಿರವೇ ಇತ್ತು. ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ. ಆ ಊರಿನಲ್ಲಿ ಲಾಳಿ ತಿಂದ ಕಣ್ಣುಗಳು ಬೀದಿಗೊಂದಿವೆ. ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟರೂ "ಸೋಮನೂರಾ? ನಾಡಾನಾ?" ಎಂದು ತಾನೇ ಕೇಳಿ ತಾನೇ ಬರೆದುಕೊಂಡ. ನಾಡಾ ಎಂದರೆ ತಮಿಳಿನಲ್ಲಿ ಲಾಳಿ. ಕಣ್ಣು ಉಳಿಯಲಿಲ್ಲ.

ಲಾಳಿ ಸುಮ್ಮನೆ ಹಾರುವುದಿಲ್ಲ. ಅದನ್ನು ಹೊಡೆದು ಅತ್ತಿಂದಿತ್ತ ಕಳಿಸುವ ಮರದ ಕೋಲಿನ ಬೋಲ್ಟು ಸಡಿಲವಾದರೆ ಹಾರುತ್ತದೆ. ಆ ಬೋಲ್ಟನ್ನು ಹಿಂದಿನ ದಿನ, ಶನಿವಾರ, ಬಿಚ್ಚಿ ಬಿಗಿದವನು ಕರುಪ್ಪುಸಾಮಿ. ಊರಿನ ಹತ್ತಾರು ಶೆಡ್ಡುಗಳ ಮಗ್ಗ ರಿಪೇರಿ ಅವನದೇ. ಎಲ್ಲರೂ ಫಿಟ್ಟರ್ ಎಂದೇ ಕರೆಯುವುದು. ಮನೆಮಾತು ತಮಿಳು, ಕನ್ನಡದವರ ಶೆಡ್ಡು ಸುತ್ತಿ ಸುತ್ತಿ ಅರ್ಧ ಕನ್ನಡ ಕಲಿತಿದ್ದ.

ಆಸ್ಪತ್ರೆಯಿಂದ ಬಂದ ದಿನವೇ ಲೀಲಮ್ಮ ಅವನನ್ನು ಟೀ ಅಂಗಡಿಯ ಮುಂದೆ ಹಿಡಿದಳು. ಅವನ ಸ್ಪ್ಯಾನರಿನ ಚೀಲ ಕಿತ್ತು ಚರಂಡಿಗೆ ಎಸೆದಳು. "ನಿನ್ ಕೈಗೆ ಹುಳ ಬೀಳಾ! ಕುಡ್ದು ಬಂದು ಬೋಲ್ಟ್ ಮುಟ್ಟಿದ್ಯಾ? ನನ್ ತಮ್ಮನ್ ಕಣ್ಣು ತಿಂದ್ಯಲ್ಲೋ ಪಾವಿ!" ಘೋಷಣೆ ಕೂಗುವ ದನಿ ಅದು. ಎರಡು ಬೀದಿ ದಾಟಿ ಕೇಳಿತು. ಲೀಲಮ್ಮ ಬೈದರೆ ಸಂಘವೇ ಬೈದಂತೆ. ಆ ವಾರದಿಂದ ಯಾವ ಶೆಡ್ಡೂ ಕರುಪ್ಪುಸಾಮಿಯನ್ನು ಕರೆಯಲಿಲ್ಲ.

ಅವನು ಒಂದು ಮಾತೂ ಎದುರಾಡಲಿಲ್ಲ. ಜನ ಅದನ್ನೇ ತಪ್ಪೊಪ್ಪಿಗೆ ಎಂದುಕೊಂಡರು. ಅವನ ಮಟ್ಟಿಗೂ ಅದು ಹಾಗೇ ಇತ್ತು: ಬೋಲ್ಟು ಬಿಗಿದೆನೋ ಇಲ್ಲವೋ ಎಂದು ಅವನಿಗೇ ನೆನಪಿರಲಿಲ್ಲ. ದಿನಕ್ಕೆ ನಲವತ್ತು ಬೋಲ್ಟು ತಿರುಗಿಸುವವನಿಗೆ ಯಾವ ಒಂದರ ನೆನಪಿರುತ್ತದೆ? ಬಿಗಿದಿರಲಿಕ್ಕಿಲ್ಲ ಎಂದು ತಾನೇ ನಂಬಿ, ತಿರುಪ್ಪೂರಿಗೆ ಹೋಗಿ ಬನಿಯನ್ ಕಂಪನಿಗಳ ಚಿಂದಿ ಬಟ್ಟೆಯ ಮೂಟೆ ಹೊರುವ ಕೆಲಸಕ್ಕೆ ಸೇರಿಕೊಂಡ. ಬೆಳಗಿನ ಬಸ್ಸಿಗೆ ಹೋಗುವಾಗ ಲೀಲಮ್ಮನ ಬೀದಿ ತಪ್ಪಿಸಿ ಸುತ್ತು ಹಾಕಿ ಹೋಗುತ್ತಿದ್ದ.

ಪೊಂಗಲ್ ಕಳೆದು ಎರಡು ವಾರಕ್ಕೆ ಲಿಂಗಸಾಮಿ ಹೊಸ ಡಿಸ್ಕ್ ತಂದ. "ಅಕ್ಕಾ, ಇದು ನಮ್ಮೂರ್ ಕಡೆ ಪಡಂ! ನಮ್ಮೋರೇ ಮಾಡಿದ್ದು."

ಕೊಯಮತ್ತೂರಿನ ಗಣಪತಿ ಬಡಾವಣೆಯಲ್ಲಿ ಕರಾಟೆ ಕಲಿಸುವ ಮಾಸ್ಟರೊಬ್ಬ ತಾನೇ ಹೀರೋ ಆಗಿ ತೆಗೆದ ಪಿಕ್ಚರು. ಮದುವೆ ಮನೆಗೆ ಬರುವ ವಿಡಿಯೋ ಕ್ಯಾಮೆರಾದಲ್ಲಿ ತೆಗೆದದ್ದು, ಮಾತು ಆಮೇಲೆ ಸೇರಿಸಿದ್ದು. ಥಿಯೇಟರಿನ ಮುಖ ನೋಡಲಿಲ್ಲ, ನೇರ ಪ್ಲಾಟ್‌ಫಾರ್ಮಿಗೆ ಬಂತು. ಕಥೆ ಅದೇ: ತಂಗಿಯನ್ನು ಕೊಂದರು, ಅಣ್ಣ ಹೊಡೆದ. ಕೊನೆಯ ಹೊಡೆದಾಟ ಕುರಿಚಿಯ ಒಂದು ಮುಚ್ಚಿದ ಫೌಂಡ್ರಿಯೊಳಗೆ. ಮುಖಕ್ಕೆಲ್ಲ ಮಸಿ ಬಳಿದುಕೊಂಡು ಜಡೆಗಟ್ಟಿದ ಟೋಪನ್ ಹಾಕಿದ ರೌಡಿಗಳು ಸಾಲಾಗಿ ಬಂದು ಸಾಲಾಗಿ ಬೀಳುತ್ತಾರೆ. ಅವರಲ್ಲೊಬ್ಬನ ಮುಖಕ್ಕೆ ಹೀರೋ ಬಿದಿರ ಗಣೆ ಬೀಸುತ್ತಾನೆ. ಕ್ಯಾಮೆರಾ ಹತ್ತಿರದಲ್ಲೇ ಇದೆ. ಮಸಿಯ ಮೇಲೆ ರಕ್ತ ಚಿಮ್ಮುತ್ತದೆ. ರೌಡಿ ಮೊಣಕಾಲೂರಿ ಬಾಯಿ ತೆರೆದು, ಮೂಗಿನ ದನಿಯ ತಮಿಳಿನಲ್ಲಿ, "ನಿನ್ನ ವಂಶವನ್ನೇ ಬಿಡೋದಿಲ್ಲ" ಎಂದು ಶಪಿಸಿ ಕುಸಿಯುತ್ತಾನೆ.

ಆ ಏಟಿಗೆ ಮನೆಯಲ್ಲಿ ಸೇರಿದ್ದ ಹದಿನೈದು ಜನ ಕೂಗಿ ಎದ್ದರು. "ಅಬ್ಬಬ್ಬಾ, ಇದು ಏಟು!" ಎಂದು ಲೀಲಮ್ಮ ತೊಡೆ ತಟ್ಟಿದಳು. ಮೇಣದ ಕೈ ಇಲ್ಲ, ಕುಂಕುಮದ ನೀರಿಲ್ಲ, ಚೀನಾದವರನ್ನೂ ಮೀರಿಸಿದ್ದರು. "ಇನ್ನೊಂದ್ಸಲ ಹಾಕ್‌ಡಾ!" ಎಂದಳು. ಹಿಂದಕ್ಕೆ ಓಡಿಸಿ ಮತ್ತೆ ಹಾಕಿದವನು ಲಿಂಗಸಾಮಿ. ಮೂರು ಸಲ ಹಾಕಿದ. ಮೂರು ಸಲವೂ ಲೀಲಮ್ಮ ಸೀಟಿ ಹೊಡೆದಳು.

ಅಲ್ಲಿದ್ದವರೆಲ್ಲ ತುಟಿ ಓದಬಲ್ಲವರೇ. ಆದರೆ ಇಂಥ ಪಿಕ್ಚರಿನಲ್ಲಿ ತುಟಿ ನೋಡುವ ಅಭ್ಯಾಸವನ್ನು ಅವರು ಎಂದೋ ಬಿಟ್ಟಿದ್ದರು. ಚೀನಾದವನ ಬಾಯಿ ಒಂದು ಹೇಳುತ್ತದೆ, ದನಿ ಇನ್ನೊಂದು ಹೇಳುತ್ತದೆ. ನೋಡಿದರೆ ತಲೆ ಕೆಡುತ್ತದೆ, ಅದಕ್ಕೇ ಕೈಕಾಲು ಮಾತ್ರ ನೋಡುತ್ತಾರೆ. ದನಿಯನ್ನು ಮಾತ್ರ ಗರಿಷ್ಠಕ್ಕೆ ತಿರುಗಿಸಿರುತ್ತಾರೆ.

ಹಾಗೆ ತಿರುಗಿಸಿ ತಿರುಗಿಸಿ ಮುಂದಿನ ವಾರ ಟಿವಿಯ ಸ್ಪೀಕರ್ ಹರಿದೇಹೋಯಿತು. ಚಿತ್ರ ಬರುತ್ತಿತ್ತು, ಸದ್ದಿಲ್ಲ.

ಅದಾದ ಮೂರನೇ ದಿನ ಹಾಸು ಬರದೆ ಶೆಡ್ಡು ನಿಂತಿತ್ತು. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲ. ಲೀಲಮ್ಮ ಅವರೆಕಾಯಿ ಸುಲಿಯುತ್ತ, ಸದ್ದಿಲ್ಲದಿದ್ದರೆ ಇಲ್ಲ, ಏಟಾದರೂ ಕಾಣುತ್ತದಲ್ಲ ಎಂದು ಅದೇ ಡಿಸ್ಕ್ ಹಾಕಿದಳು. ಕಿವಿಗೆ ಕೆಲಸವಿಲ್ಲದಿದ್ದರೆ ಅವಳ ಕಣ್ಣು ತಾನಾಗಿ ಬಾಯಿಯ ಕಡೆ ಹೋಗುತ್ತದೆ. ಮೂವತ್ತೊಂಬತ್ತು ವರ್ಷದ ಚಾಳಿ. ಹೀರೋನ ಬಾಯಿ ಓದಿದಳು: "ಕ್ಯಾಮೆರಾ ನೋಡು, ಕ್ಯಾಮೆರಾ ನೋಡು" ಎನ್ನುತ್ತಿದ್ದ. ನಕ್ಕಳು. ಗಣೆ ಬೀಸಿತು. ಮಸಿ ಮುಖದವನು ಮೊಣಕಾಲೂರಿದ. ಬಾಯಿ ತೆರೆದ.

ಅವನ ತುಟಿ ಕನ್ನಡದಲ್ಲಿ ಅಲ್ಲಾಡಿತು.

"ಅಕ್ಕಾ... ಕಣ್ಣು... ಅಕ್ಕಾ, ಕಣ್ ಹೋತು..."

ಅವರೆಕಾಯಿಯ ಮೊರ ಅವಳ ಕೈಯಿಂದ ಬಿತ್ತು. ಕಾಳು ಟಿವಿಯವರೆಗೂ ಉರುಳಿದವು. ಹಿಂದಕ್ಕೆ ಓಡಿಸಿದಳು. ಮಸಿ ತೆಗೆ, ಟೋಪನ್ ತೆಗೆ, ಕೆಳತುಟಿಯನ್ನು ಎಡಕ್ಕೆ ಎಳೆದು ಅಳುವ ಆ ಬಾಯಿ ಅವಳಿಗೆ ಗೊತ್ತು. ಮೂರು ವರ್ಷದ ಕೂಸಾಗಿದ್ದಾಗ ಸೊಂಟದ ಮೇಲೆ ಕೂತು ಅದೇ ಬಾಯಿಯಲ್ಲಿ ಅತ್ತದ್ದು. ಮತ್ತೆ ಹಾಕಿದಳು. "ಅಕ್ಕಾ, ಕಣ್ ಹೋತು." ಬಚ್ಚಲಿಗೆ ಓಡಿ ವಾಂತಿ ಮಾಡಿದಳು. ತನ್ನನ್ನು ಕೂಗಿ ಕರೆಯುತ್ತಿದ್ದವನನ್ನು ನೋಡಿ ತಾನು ಮೂರು ಸಲ ಸೀಟಿ ಹೊಡೆದಿದ್ದಳು.

ಆಮೇಲೆ ಇನ್ನೊಂದು ವಿಷಯ ತಲೆಗೆ ಹೊಳೆದು, ಬಾಗಿಲ ಹೊಸ್ತಿಲಲ್ಲೇ ಕೂತಳು. ಹಾಗಾದರೆ ಲಾಳಿ ಹಾರಲಿಲ್ಲ. ಹಾಗಾದರೆ ಕರುಪ್ಪುಸಾಮಿ?

ಸಂಜೆ ಲಿಂಗಸಾಮಿ ಬಂದ. ಸಾಂತಿ ಅಡುಗೆ ಮನೆಯಲ್ಲಿದ್ದಳು. ಲೀಲಮ್ಮ ಏನೂ ಹೇಳದೆ ಆ ದೃಶ್ಯ ಹಾಕಿದಳು. ಅವನು ನೋಡಿದ. ಅಕ್ಕನ ಕಡೆ ತಿರುಗಿ, ದನಿ ಹೊರಡಿಸದೆ, ಶೆಡ್ಡಿನಲ್ಲಿ ಮಾತಾಡುವಂತೆ ತುಟಿ ಮಾತ್ರ ಅಲ್ಲಾಡಿಸಿದ: ಸಾಂತಿಗೆ ಗೊತ್ತಿಲ್ಲ.

ಅವಳೂ ತುಟಿಯಲ್ಲೇ ಕೇಳಿದಳು: ಯಾಕೆ?

ಗೋಡೆಯಾಚೆ ಸಾಂತಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಈಚೆ ಅಕ್ಕತಮ್ಮ ಒಬ್ಬರ ಬಾಯಿ ಒಬ್ಬರು ನೋಡುತ್ತ ಜಗಳವಾಡಿದರು. ಪಿಕ್ಚರಿನ ಆಸೆಗೆ ಗುಟ್ಟಾಗಿ ಹೋಗಿದ್ದೆ, ರಬ್ಬರ್ ಕೋಲು ತರುತ್ತೇನೆಂದು ಹೋದವನು ಬರಲಿಲ್ಲ, ಮೆಲ್ಲಗೆ ತಾಗಿಸುತ್ತೇನೆ ಎಂದು ಮಾಸ್ಟರ್ ನಿಜವಾದ ಗಣೆ ಹಿಡಿದ, ಕಾಲು ಜಾರಿತು. ಇಷ್ಟು ಹೇಳಿ ಅವನು ನಿಲ್ಲಿಸಿದ.

"ಬಾಯ್ ಮುಚ್ಕೊಂಡಿರು ಅಂತ ಅವ್ನು ಹೆದರ್ಸಿದ್ನಾ?"

"ಇಲ್ಲೆ ಅಕ್ಕಾ. ನಾನೇ ಅಂದೆ. ಪೊಲೀಸ್ ಬಂದ್ರೆ ಪಡಂ ನಿಂತುಬಿಡ್ತಿತ್ತು. ತರಿ ಹೊಡೀತು ಅಂತ ಹೇಳ್ಬಿಡ್ತೀನಿ, ನೀವು ಪಡಂ ಮುಗಿಸಿ ಅಂದೆ."

ತರಿ ಎಂದರೆ ಅವರ ಬಾಯಲ್ಲಿ ಮಗ್ಗ. ಲೀಲಮ್ಮ ಅವನ ತುಟಿಯನ್ನು ತಾನು ತಪ್ಪು ಓದಿದೆನೇನೋ ಎಂದು ಮುಂದಕ್ಕೆ ಬಾಗಿದಳು. "ಪಡಕ್ಕಾ? ಒಂದು ಹಾಳ್ ಪಡಕ್ಕೆ ಕಣ್ಣಾ?"

"ಕಣ್ ಹೋಗಾಗಿತ್ತಲ್ಲ. ಪಡಾನೂ ಹೋದ್ರೆ ಏನಿರ್ತಿತ್ತು? ನೀನೇ ಅಲ್ವಾ ಅಂತಿದ್ದೆ, ಅಂಥಾ ಏಟು ತಿನ್ನೋನು ನಮ್ಮೂರಲ್ಲಿ ಯಾರಿದ್ದಾನೆ ಅಂತ. ನಾನು ತಿಂದೆ. ಊರೆಲ್ಲ ಎದ್ ನಿಂತು ನೋಡ್ತು. ನೀನೂ ಸೀಟಿ ಹೊಡ್ದೆ." ಅವನ ಒಂಟಿ ಕಣ್ಣು ಹೊಳೆಯುತ್ತಿತ್ತು. ಅದರಲ್ಲಿ ನಾಚಿಕೆಯ ಜೊತೆ ಹೆಮ್ಮೆಯೂ ಇತ್ತು. ಲೀಲಮ್ಮನನ್ನು ನಡುಗಿಸಿದ್ದು ಅದು.

"ಆ ಫಿಟ್ಟರ್?"

"ಅವ್ನಿಗೆ ಬೇರೆ ಕೆಲ್ಸ ಸಿಕ್ತಲ್ಲ. ನಂಗೆ ಬೇರೆ ಕಣ್ಣು ಸಿಗ್ತದಾ?"

ಆಗ ಲೀಲಮ್ಮನ ದನಿ ಹೊರಬಿತ್ತು. "ಥೂ!" ಎಂದದ್ದು ಬೀದಿಗೆ ಕೇಳಿತು. ಸಾಂತಿ ಸೌಟು ಹಿಡಿದು ಓಡಿಬಂದಳು. ಲಿಂಗಸಾಮಿ ಎದ್ದು ಹೊರಗೆ ಹೋದ.

ಮರುದಿನ ಬೆಳಿಗ್ಗೆ ಲೀಲಮ್ಮ ಬಸ್ ಸ್ಟಾಪಿನಲ್ಲಿ ನಿಂತಳು. ಕರುಪ್ಪುಸಾಮಿ ಅವಳನ್ನು ಕಂಡು ತಿರುಗಿ ನಡೆಯತೊಡಗಿದ. ಅವಳು ಓಡಿಹೋಗಿ ಅಡ್ಡ ನಿಂತಳು. ಮೂಟೆ ಹೊತ್ತು ಅವನ ಕತ್ತು ಒಂದು ಕಡೆಗೆ ವಾಲಿತ್ತು.

"ಇನ್ನೂ ಬೈಯ್ಯೋದು ಬಾಕಿ ಇದೀಂಗಳಾ ಅಕ್ಕಾ?" ಎಂದ.

"ಭಾನ್ವಾರ ಮನೆಗ್ ಬಾ."

"ಏನುಕ್ಕೆ?"

"ಒಂದು ಪಡಂ ನೋಡೋದಿದೆ." ಅದಕ್ಕಿಂತ ಹೆಚ್ಚು ಅವಳಿಂದ ಹೇಳಲಾಗಲಿಲ್ಲ. ಅವನು ಅವಳನ್ನು ಹುಚ್ಚಿಯನ್ನು ನೋಡುವಂತೆ ನೋಡಿದ.

ಭಾನುವಾರ ಒಲೆಯ ಮೇಲೆ ಏನೂ ಬೇಯುತ್ತಿರಲಿಲ್ಲ. ಅಯ್ಯಾಸಾಮಿ ಬಂದಿದ್ದ. ಸಂಘದವರು, ಶೆಡ್ಡಿನವರು, ನೆರೆಯ ಹೆಂಗಸರು ಬಂದಿದ್ದರು. ಲಿಂಗಸಾಮಿ ಗೋಡೆಗೆ ಒರಗಿ ಕೂತಿದ್ದ. ನೀನು ಓಡಿಹೋದರೆ ನಾನೇ ಬಾಯಿ ಬಿಡುತ್ತೇನೆ ಎಂದು ಅಕ್ಕ ಹೇಳಿಟ್ಟಿದ್ದಳು. ಕರುಪ್ಪುಸಾಮಿ ಕೊನೆಗೆ ಬಂದು, ಚಪ್ಪಲಿ ಬಿಟ್ಟು, ಬಾಗಿಲಲ್ಲೇ ಕೂತ. ಅವನ ಪಕ್ಕದವರು ಒಂದು ಗೇಣು ಸರಿದರು.

"ಏನ್ ಲೀಲಕ್ಕಾ, ಸೌಂಡ್ ಇಲ್ದೆ ಕುಂಗ್‌ಫು ತೋರಿಸ್ತೀಯಾ? ಉಪ್ಪಿಲ್ದ ಕರಿ ಹಂಗೆ" ಎಂದ ಅಯ್ಯಾಸಾಮಿ. ನಾಲ್ಕು ಜನ ನಕ್ಕರು.

"ಬಾಯ್ ನೋಡಿ," ಎಂದಳು ಲೀಲಮ್ಮ. "ಕೈಕಾಲ್ ಬೇಡ. ಬಾಯ್ ನೋಡಿ."

ಗಣೆ ಬೀಸಿತು. ಮಸಿ ಮುಖ ಕುಸಿಯಿತು. ತುಟಿ ಅಲ್ಲಾಡಿತು.

ಮೊದಲು ಅಯ್ಯಾಸಾಮಿಯ ನಗು ನಿಂತಿತು. ಅವನ ತುಟಿ ತನಗೇ ಗೊತ್ತಿಲ್ಲದೆ ಪರದೆಯ ತುಟಿಯನ್ನು ಹಿಂಬಾಲಿಸಿತು. ಒಬ್ಬಳು ಹೆಂಗಸು ಎದೆ ಹಿಡಿದುಕೊಂಡಳು. ಸಾಂತಿ ಗಂಡನ ಕಡೆ ತಿರುಗಿ ಹಾಗೇ ಕಲ್ಲಾದಳು. ಲೀಲಮ್ಮ ಇನ್ನೊಂದು ಸಲ ಹಾಕಲಿಲ್ಲ; ಬೇಕಾಗಿರಲಿಲ್ಲ.

ಇಪ್ಪತ್ತು ಜನರಲ್ಲಿ ಒಬ್ಬನಿಗೆ ಮಾತ್ರ ಏನೂ ಅರ್ಥವಾಗಿರಲಿಲ್ಲ. ಕರುಪ್ಪುಸಾಮಿ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತಿದ್ದ. ಫಿಟ್ಟರ್ ಶೆಡ್ಡಿಗೆ ಬಂದನೆಂದರೆ ಮಗ್ಗ ನಿಲ್ಲಿಸುತ್ತಾರೆ; ಅವನು ಕೆಲಸ ಮಾಡುವುದು ನಿಂತ ಮಗ್ಗದ ಮೇಲೆ, ಮಾತಾಡುವುದು ಕಿವಿಗೆ ಕೇಳುವಂತೆ. ಇಪ್ಪತ್ತು ವರ್ಷ ಆ ಜನರ ನಡುವೆ ಓಡಾಡಿಯೂ ಅವನಿಗೆ ತುಟಿ ಓದಲು ಬರುತ್ತಿರಲಿಲ್ಲ. ಲೀಲಮ್ಮನಿಗೆ ಈ ಯೋಚನೆಯೇ ಬಂದಿರಲಿಲ್ಲ. ಡಿಸ್ಕ್ ಹಾಕಿದರೆ ಮುಗಿಯಿತು, ತಾನು ಬಾಯಿಬಿಟ್ಟು ಹೇಳುವ ಗತಿ ತಪ್ಪಿತು ಎಂದುಕೊಂಡಿದ್ದಳು.

"ಏನಂತಾನೆ ಅವ್ನು?" ಎಂದು ಕರುಪ್ಪುಸಾಮಿ ಕೇಳಿದ. "ಎಲ್ಲಾರೂ ಯಾಕೆ ನನ್ನ ನೋಡ್ತೀಂಗ?"

ಲಿಂಗಸಾಮಿ ತಲೆ ಎತ್ತಿ ಅವನ ಕಡೆ ನೋಡಿ, ತುಟಿ ಅಲ್ಲಾಡಿಸಿದ. ದನಿ ಬರಲಿಲ್ಲ.

"ಗಂಟಲು ಬಿಡ್‌ಡಾ!" ಲೀಲಮ್ಮ ಕೂಗಿದಳು. "ಅವ್ನಿಗೆ ನಮ್ ಬಾಯಿ ಬರಲ್ಲ."

"ಅದು ನಾನು ಅಣ್ಣಾ," ಎಂದ ಲಿಂಗಸಾಮಿ. ದನಿ ಒಡೆದ ಬಿದಿರಿನಂತಿತ್ತು. "ಆ ರೌಡಿ ನಾನು. ಕಣ್ಣು ಅಲ್ಲಿ ಹೋಗಿದ್ದು. ಅವತ್ತು ನಾನು ಶೆಡ್ಡಿಗೆ ಹೋಗ್ಲೇ ಇಲ್ಲೆ."

ಎಲ್ಲರೂ ಏಟಿಗಾಗಿ ಕಾದರು. ಅದು ಅವರ ಅಭ್ಯಾಸ. ಇಷ್ಟಾದ ಮೇಲೆ ಏಟು ಬೀಳಬೇಕು. ಲಿಂಗಸಾಮಿಯೂ ಮುಖ ಮುಂದೆ ಮಾಡಿ ಕೂತಿದ್ದ. ಕರುಪ್ಪುಸಾಮಿ ಎದ್ದ. ಕೈ ಎತ್ತಲಿಲ್ಲ.

"ಅಂಗಾದ್ರೆ... ಬೋಲ್ಟ್ ನಾನು ಬಿಗಿದಿದ್ನಾ?"

"ನೀ ಬಿಗಿದಿದ್ದೆ ಅಣ್ಣಾ. ಸೋಮವಾರ ಅಯ್ಯಾಸಾಮಿಯಣ್ಣ ಓಡಿಸಿದಾಗ್ಲೂ ತರಿ ಸರಿಯಾಗೇ ಓಡ್ತು."

ಅಯ್ಯಾಸಾಮಿ ನೆಲ ನೋಡಿದ. ಹೌದು, ಸರಿಯಾಗೇ ಓಡಿತ್ತು. ಯಾರೂ ಬೋಲ್ಟು ಮುಟ್ಟಿ ನೋಡಿರಲಿಲ್ಲ.

ಲೀಲಮ್ಮ ಎದ್ದು ಬಂದು ಕರುಪ್ಪುಸಾಮಿಯ ಎದುರು ನಿಂತಳು. ಕಾಲಿಗೆ ಬೀಳಲು ಬಗ್ಗಿದಳು. ಅವನು ಹಿಂದಕ್ಕೆ ಸರಿದ.

"ಬೇಡಾಂಗ ಅಕ್ಕಾ. ನೀ ಬೈದಿದ್ದು ಟೀ ಅಂಗಡಿ ಮುಂದೆ. ಇದು ಮನೆ ಒಳ್ಗೆ."

ಅಷ್ಟು ಹೇಳಿ ಅವನು ಚಪ್ಪಲಿ ಮೆಟ್ಟಿ, ಬೀದಿಗಿಳಿದು ನಿಂತ. ಹೋಗಲಿಲ್ಲ, ಕಾದ. ಲೀಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ತಮ್ಮನ ರಟ್ಟೆ ಹಿಡಿದು ಎಬ್ಬಿಸಿದಳು. ಭಾನುವಾರ ಹತ್ತು ಗಂಟೆಯ ಹೊತ್ತು, ಟೀ ಅಂಗಡಿಯಲ್ಲಿ ಊರಿನ ಗಂಡಸರೆಲ್ಲ ಇರುತ್ತಾರೆ.

"ನಡಿ," ಎಂದಳು.